ಚೌಕಟ್ಟಿನ ಅಂಚಿನಲ್ಲಿ ನಿಂತವರು

ಯಾವುದೇ ಸಿನಿಮಾವನ್ನು ಎರಡನೇ ಸಲ ನೋಡುವಾಗ ನಾನು ಮಾತಾಡುವವರ ಕಡೆ ಗಮನ ಕೊಡುವುದಿಲ್ಲ. ಅವರ ಪಕ್ಕದಲ್ಲೋ ಹಿಂದೆಯೋ, ಬಾಗಿಲ ಬಳಿಯೋ ಕಂಬದ ಮರೆಯಲ್ಲೋ ಸುಮ್ಮನೆ ನಿಂತು ಎಲ್ಲವನ್ನೂ ಕಾಣುತ್ತಿರುವವರು ಯಾರಾದರೂ ಇದ್ದಾರಾ ಎಂದು ಹುಡುಕುತ್ತೇನೆ. ಬಹಳ ವರ್ಷಗಳಿಂದ ಹೀಗೆ ನೋಡುತ್ತಾ ಬಂದಿದ್ದರಿಂದ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ನಾನು ಮತ್ತೆ ಮತ್ತೆ ಹೋಗಿ ಕೂರುವ ಸಿನಿಮಾ, ಧಾರಾವಾಹಿಗಳಲ್ಲಿ ಅಂಥ ಒಬ್ಬರು ಇದ್ದೇ ಇರುತ್ತಾರೆ. ನಡೆಯುವುದನ್ನು ತಡೆಯುವ ಶಕ್ತಿ ಅವರಿಗಿಲ್ಲ, ನೋಡದೇ ಇರುವುದಕ್ಕೂ ಆಗುವುದಿಲ್ಲ. ಪರದೆಯ ಮುಂದೆ ಕೂತ ನನ್ನ ಸ್ಥಿತಿಯೂ ಅದೇ ಅಲ್ಲವೇ? ಹಾಗಾಗಿ ಕಥೆಯೊಳಗೆ ನನಗೆ ಜಾಗ ಸಿಗುವುದು ಅವರ ಪಕ್ಕದಲ್ಲಿ.

ಈ ಹುಡುಕಾಟ ಶುರುವಾದದ್ದು ‘ಘಟಶ್ರಾದ್ಧ’ದಿಂದ. 1977ರ ಈ ಚಿತ್ರ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಆ ವರ್ಷ ಅದಕ್ಕೇ ಬಂತು. ಅಗ್ರಹಾರದ ವೇದಪಾಠಶಾಲೆಗೆ ಓದಲು ಬಂದ ಪುಟ್ಟ ಹುಡುಗ ನಾಣಿ. ಪಾಠ ಹೇಳುವ ಉಡುಪರ ಮಗಳು ಯಮುನಕ್ಕ, ಚಿಕ್ಕ ವಯಸ್ಸಿನ ವಿಧವೆ. ಅಪ್ಪ ಅಮ್ಮನನ್ನು ಬಿಟ್ಟು ಬಂದ ಹುಡುಗನಿಗೆ ಆ ಮನೆಯಲ್ಲಿ ಅಕ್ಕರೆ ತೋರುವವಳು ಅವಳೊಬ್ಬಳೇ. ಅವಳು ಬಸಿರಾಗುತ್ತಾಳೆ. ಅದು ಊರಿಗೆ ಗೊತ್ತಾಗುತ್ತದೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ, ಮಡಕೆ ಒಡೆದು, ಇನ್ನು ಇವಳು ನಮ್ಮ ಪಾಲಿಗೆ ಸತ್ತಳು ಎಂದು ಹೊರಗೆ ಹಾಕುತ್ತಾರೆ.

ಇಷ್ಟನ್ನು ದೊಡ್ಡವರ ಕಡೆಯಿಂದ ಹೇಳಿದ್ದರೆ ಅದೊಂದು ಸಾಮಾಜಿಕ ಅನ್ಯಾಯದ ಕಥೆಯಾಗುತ್ತಿತ್ತು, ಒಳ್ಳೆಯ ಕಥೆಯೇ. ಚಿತ್ರ ಅದನ್ನು ನಾಣಿಯ ಎತ್ತರದಿಂದ ನೋಡುತ್ತದೆ. ಯಮುನಕ್ಕ ಯಾಕೆ ಅಳುತ್ತಾಳೆ, ಯಾಕೆ ರಾತ್ರಿ ಹೊರಗೆ ಹೋಗುತ್ತಾಳೆ, ದೊಡ್ಡ ಹುಡುಗರು ಅವಳ ಬಗ್ಗೆ ಯಾಕೆ ಹಾಗೆ ಪಿಸುಗುಡುತ್ತಾರೆ, ಒಂದೂ ಅವನಿಗೆ ಪೂರ್ತಿ ತಿಳಿಯುವುದಿಲ್ಲ. ಅವನಿಗೆ ತಿಳಿಯದ್ದು ನಮಗೆ ತಿಳಿಯುತ್ತದೆ. ನಮಗೆ ತಿಳಿದದ್ದನ್ನು ಅವನಿಗೆ ಹೇಳುವಂತಿಲ್ಲ. ಈ ಎರಡರ ನಡುವಿನ ಅಂತರದಲ್ಲೇ ಇಡೀ ಚಿತ್ರದ ನೋವು ಇದೆ. ಕೊನೆಗೆ ಅಪ್ಪ ಬಂದು ನಾಣಿಯನ್ನು ಊರಿಗೆ ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕ ಅವನ ಕಣ್ಣಿಗೆ ಬೀಳುತ್ತಾಳೆ. ಅವನು ನೋಡುತ್ತಾನೆ, ಅವನನ್ನು ಮುಂದೆ ನಡೆಸಿಕೊಂಡು ಹೋಗುತ್ತಾರೆ.

ಮೊದಲ ಸಲ ನೋಡಿದಾಗ ನನಗೆ ಉಳಿದದ್ದು ಯಮುನಕ್ಕ. ಮೀನಾ ಕುಟ್ಟಪ್ಪ ಅವರ ಮುಖವೇ ಹಾಗಿದೆ, ಬೇರೆ ಯಾರನ್ನೂ ನೋಡಲು ಬಿಡುವುದಿಲ್ಲ. ಎರಡನೇ ಸಲ ಧ್ವನಿ ಪೂರ್ತಿ ನಿಲ್ಲಿಸಿ ನೋಡಿದೆ. ಮಾತು ಹೋದ ಕೂಡಲೇ ಕಣ್ಣು ನಾಣಿಯ ಕಡೆ ತಿರುಗಿತು. ಅಲ್ಲಿಂದ ಮುಂದೆ ಇದು ನನ್ನ ರೂಢಿಯೇ ಆಯಿತು. ಇಷ್ಟವಾದ ಚಿತ್ರವನ್ನು ಮೊದಲು ಎಲ್ಲರಂತೆ ನೋಡುತ್ತೇನೆ. ಮಾರನೇ ದಿನ ಯಾವ ವಿಮರ್ಶೆಯನ್ನೂ ಓದದೆ, ನೆನಪಿನಲ್ಲಿ ಉಳಿದದ್ದನ್ನು ಒಂದು ಪುಟದಲ್ಲಿ ಬರೆಯುತ್ತೇನೆ. ಕಥೆಯ ಸಾರಾಂಶ ಬೇಡ. ಒಂದು ಕೈ, ಒಂದು ಬಾಗಿಲು, ಯಾರೋ ತಿರುಗಿ ನೋಡಿದ ರೀತಿ, ಹೀಗೆ ಬಿಡಿಬಿಡಿಯಾಗಿ ಉಳಿದದ್ದು ಮಾತ್ರ. ಕೆಲವು ವಾರ ಬಿಟ್ಟು ಆ ದೃಶ್ಯಗಳನ್ನಷ್ಟೇ ಧ್ವನಿಯಿಲ್ಲದೆ ನೋಡುತ್ತೇನೆ. ಬರೆದದ್ದಕ್ಕೂ ಪರದೆಯ ಮೇಲೆ ಇರುವುದಕ್ಕೂ ವ್ಯತ್ಯಾಸ ಕಂಡರೆ ಅಲ್ಲೇ ತಡೆದು ಯೋಚಿಸುತ್ತೇನೆ. ನೆನಪು ಒಂದು ದೃಶ್ಯವನ್ನು ಬದಲಾಯಿಸಿದೆ ಎಂದರೆ ಅಲ್ಲಿ ನಿರ್ದೇಶಕರು ನನ್ನಿಂದ ಏನೋ ಕೆಲಸ ಮಾಡಿಸಿಕೊಂಡಿದ್ದಾರೆ ಎಂದೇ ಅರ್ಥ.

ಮಕ್ಕಳ ಕಣ್ಣಿನಿಂದ ನೋಡುವ ಚಿತ್ರಗಳನ್ನು ಹುಡುಕುತ್ತಾ ಹೋದವರು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಬರಲೇಬೇಕು. 1955ರ ಚಿತ್ರ. ರಾಯ್ ಅವರಿಗೂ ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೂ ಮೊದಲನೆಯದು. ಅಪು ಎಂಬ ಹುಡುಗನನ್ನು ನಾವು ಸರಿಯಾಗಿ ಮೊದಲು ನೋಡುವುದೇ ಒಂದು ಕಣ್ಣಾಗಿ. ಹೊದಿಕೆಯ ಸಂದಿನಿಂದ ಅಕ್ಕ ದುರ್ಗಾ ಆ ಕಣ್ಣನ್ನು ಬಿಡಿಸಿ ಎಬ್ಬಿಸುತ್ತಾಳೆ. ಅಲ್ಲಿಂದ ಕೊನೆಯವರೆಗೂ ಆ ಕಣ್ಣು ಮುಚ್ಚುವುದಿಲ್ಲ. ಅಕ್ಕ ಬೈಸಿಕೊಳ್ಳುವುದನ್ನು, ಹೊಡೆಸಿಕೊಳ್ಳುವುದನ್ನು, ಮಳೆಯಲ್ಲಿ ನೆನೆಯುವುದನ್ನು ಅದು ನೋಡುತ್ತದೆ.

ಈ ಚಿತ್ರದ ಎರಡು ಜಾಗಗಳನ್ನು ಬಿಡಿಸಿ ಹೇಳಬೇಕು. ದೂರದೂರಿನಿಂದ ಅಪುವಿನ ಅಪ್ಪ ಹರಿಹರ ವಾಪಸ್ಸು ಬರುತ್ತಾನೆ. ಮಗಳು ಸತ್ತದ್ದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಾ, ಕೊನೆಗೆ ಮಗಳಿಗೆಂದು ತಂದ ಸೀರೆಯನ್ನು ಕೈಗಿಡುತ್ತಾನೆ. ಸರ್ಬಜಯಾ ಆ ಸೀರೆಯನ್ನು ಹಲ್ಲಿನಲ್ಲಿ ಕಚ್ಚಿ ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಆದರೆ ಕೇಳಿಸುವುದು ಅಳುವಲ್ಲ. ತಾರ್ ಶಹನಾಯಿ ಎಂಬ ತಂತಿವಾದ್ಯದ ಮೇಲಿನ ಸ್ಥಾಯಿಯ ಸ್ವರ. ಇದನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದೇನೆ, ಧ್ವನಿ ನಿಲ್ಲಿಸಿಯೂ ನೋಡಿದ್ದೇನೆ. ಎರಡೂ ಬೇರೆ ಬೇರೆಯಾಗಿ ತಡೆದುಕೊಳ್ಳಬಹುದು. ಎರಡೂ ಸೇರಿದಾಗ ಆಗುವುದೇ ಬೇರೆ. ನಿಜವಾದ ಅಳು ಕೇಳಿಸಿದ್ದರೆ ಅದು ಸರ್ಬಜಯಾಳ ದುಃಖವಾಗಿ ಅವಳಲ್ಲೇ ಉಳಿಯುತ್ತಿತ್ತು. ವಾದ್ಯದ ಸ್ವರ ಅದನ್ನು ಅವಳಿಂದ ಬಿಡಿಸಿ ಕೇಳುವ ಪ್ರತಿಯೊಬ್ಬರಿಗೂ ಹಂಚುತ್ತದೆ.

ಇನ್ನೊಂದು, ಹಾರದ ದೃಶ್ಯ. ದುರ್ಗಾ ಪಕ್ಕದ ಮನೆಯ ಮಣಿಹಾರ ಕದ್ದಳು ಎಂಬ ಆರೋಪ ಚಿತ್ರದ ಮೊದಲ ಭಾಗದಲ್ಲೇ ಬರುತ್ತದೆ. ಅವಳು ಇಲ್ಲ ಎನ್ನುತ್ತಾಳೆ. ಅವಳು ಸತ್ತ ಮೇಲೆ, ಊರು ಬಿಟ್ಟು ಹೊರಡುವ ಹೊತ್ತಿಗೆ, ಮೇಲಿಟ್ಟಿದ್ದ ಒಂದು ಚಿಪ್ಪಿನಲ್ಲಿ ಆ ಹಾರ ಅಪುವಿಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಓಡಿ ಹೋಗಿ ಕೆರೆಗೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು ಒಂದು ಕಪ್ಪು ತೂತಾಗುತ್ತದೆ, ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಇಡೀ ಚಿತ್ರದಲ್ಲಿ ಬರೀ ನೋಡುತ್ತಿದ್ದ ಹುಡುಗ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿ ಮಾಡಿದ ಕೆಲಸ ಇದು. ಸಾಕ್ಷಿಯಾಗಿದ್ದವನು ಸಾಕ್ಷ್ಯವನ್ನೇ ಮುಳುಗಿಸಿದ. ಅಕ್ಕನ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ರುಜುವಾತು ಏನು ಬೇಕು ಅನ್ನಿಸುತ್ತದೆ ನನಗೆ. ಅದರ ಬಗ್ಗೆ ಯಾರೂ ಒಂದು ಮಾತನ್ನೂ ಆಡುವುದಿಲ್ಲ.

ಇರಾನಿನ ಅಬ್ಬಾಸ್ ಕಿಯರೊಸ್ತಾಮಿಯವರ 1987ರ ಚಿತ್ರವೊಂದಿದೆ, ಗೆಳೆಯನ ಮನೆ ಎಲ್ಲಿ ಎಂದು ಹುಡುಕಿಕೊಂಡು ಹೋಗುವ ಹುಡುಗನ ಕಥೆ. ತರಗತಿಯಲ್ಲಿ ಪಕ್ಕದ ಹುಡುಗ ಮನೆಪಾಠವನ್ನು ನೋಟುಪುಸ್ತಕದಲ್ಲಿ ಬರೆದಿಲ್ಲವೆಂದು ಮೇಷ್ಟ್ರು ಗದರಿಸುತ್ತಾರೆ, ಇನ್ನೊಮ್ಮೆ ಹೀಗಾದರೆ ಶಾಲೆಯಿಂದ ಹೊರಗೆ ಎನ್ನುತ್ತಾರೆ. ಆ ಹುಡುಗ ಅಳುವುದನ್ನು ಅಹ್ಮದ್ ಪಕ್ಕದಲ್ಲೇ ಕೂತು ನೋಡುತ್ತಾನೆ. ಮನೆಗೆ ಬಂದು ಚೀಲ ತೆಗೆದರೆ ಗೆಳೆಯನ ಪುಸ್ತಕವೂ ಇವನ ಹತ್ತಿರವೇ ಬಂದುಬಿಟ್ಟಿದೆ. ಕೊಟ್ಟು ಬರುತ್ತೇನೆ ಎಂದು ಅಮ್ಮನಿಗೆ ಎಷ್ಟು ಸಲ ಹೇಳಿದರೂ, ಬಟ್ಟೆ ಒಗೆಯುತ್ತಿರುವ ಆಕೆ ಮೊದಲು ನಿನ್ನ ಮನೆಪಾಠ ಮುಗಿಸು ಎನ್ನುತ್ತಾಳೆ. ಕೆಟ್ಟ ತಾಯಿಯಲ್ಲ, ಕೆಲಸದ ನಡುವೆ ಇದ್ದಾಳೆ ಅಷ್ಟೇ. ಆ ದೃಶ್ಯದಲ್ಲಿ ಹುಡುಗನ ಮುಖವನ್ನೇ ನೋಡುತ್ತಾ ಕೂರಿ. ಪ್ರತಿ ಸಲ ಹೇಳುವಾಗಲೂ ಈ ಸಲ ಅರ್ಥವಾಗಬಹುದು ಎಂಬ ನಂಬಿಕೆ ಅವನಿಗಿದೆ.

ಅವನು ಗುಡ್ಡದ ಅಂಕುಡೊಂಕಿನ ದಾರಿ ಹತ್ತಿ ಪಕ್ಕದೂರಿಗೆ ಓಡುತ್ತಾನೆ. ಗೆಳೆಯನ ಮನೆ ಸಿಗುವುದಿಲ್ಲ. ಕತ್ತಲಾದ ಮೇಲೆ ಮನೆಗೆ ಬಂದು, ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತಿರುವ ಹೊತ್ತಿನಲ್ಲಿ ಕೂತು ಬರೆಯುತ್ತಾನೆ. ಏನು ಬರೆಯುತ್ತಿದ್ದಾನೆ ಎಂಬುದು ನಮಗೆ ಗೊತ್ತಾಗುವುದು ಮಾರನೇ ದಿನ ತರಗತಿಯಲ್ಲಿ, ಮೇಷ್ಟ್ರು ಪುಸ್ತಕದ ಹಾಳೆ ತಿರುಗಿಸಿದಾಗ. ಗೆಳೆಯನ ಪಾಠವನ್ನೂ ಇವನೇ ಬರೆದಿದ್ದಾನೆ. ನಾಣಿಗೆ ಆಗದ್ದು ಅಹ್ಮದನಿಗೆ ಆಯಿತು. ಅಗ್ರಹಾರದ ಕಟ್ಟಳೆಯ ಎದುರು ಒಂದು ಮಗು ಏನು ಮಾಡೀತು? ಇಲ್ಲಿ ಎದುರಿಗಿದ್ದದ್ದು ಒಂದು ನೋಟುಪುಸ್ತಕ, ಅದನ್ನು ತುಂಬಿಸಬಹುದಿತ್ತು. ಈ ಎರಡು ಚಿತ್ರಗಳನ್ನು ನಾನು ಯಾವಾಗಲೂ ಜೋಡಿಯಾಗಿ ನೋಡುತ್ತೇನೆ, ಮೊದಲು ‘ಘಟಶ್ರಾದ್ಧ’, ಆಮೇಲೆ ಇದು. ಆ ಕ್ರಮ ತಿರುಗಿಸಲು ನನಗೆ ಮನಸ್ಸಾಗುವುದಿಲ್ಲ.

ಬೇರೆ ಭಾಷೆಯ ಚಿತ್ರ ನೋಡುವವರಿಗೆ ಇಲ್ಲೊಂದು ಮಾತು. ಸಬ್‌ಟೈಟಲ್ ಓದುವ ಕಣ್ಣು ಪರದೆಯ ಕೆಳಗೇ ಅಂಟಿಕೊಂಡಿರುತ್ತದೆ. ಮಾತಾಡದವರಿಗೆ ಸಬ್‌ಟೈಟಲ್ ಇಲ್ಲವಲ್ಲ, ಅವರು ತಪ್ಪಿಯೇ ಹೋಗುತ್ತಾರೆ. ಕಥೆ ತಿಳಿದ ಮೇಲೆ ಒಮ್ಮೆ ಸಬ್‌ಟೈಟಲ್ ತೆಗೆದು ನೋಡಿ. ಭಾಷೆ ಬರದಿದ್ದರೂ ಚಿತ್ರ ಕೈಬಿಡುವುದಿಲ್ಲ. ಜಪಾನಿನ ನಿರ್ದೇಶಕ ಓಜು ಅವರ ‘ಟೋಕಿಯೊ ಸ್ಟೋರಿ’ (1953) ನನಗೆ ನಿಜವಾಗಿ ಒಲಿದದ್ದು ಹಾಗೆ ನೋಡಿದಾಗಲೇ. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಮಟ್ಟಕ್ಕೆ ಇಳಿದು ಬಹುಪಾಲು ಅಲುಗದೆ ನಿಂತಿರುತ್ತದೆ. ಮಕ್ಕಳ ಮನೆಗೆ ಬಂದು ಯಾರಿಗೂ ಬೇಡವಾದ ಮುದುಕ ಮುದುಕಿಯನ್ನು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಒಬ್ಬಳೇ ಮನಸ್ಸಿಟ್ಟು ನೋಡುತ್ತಾಳೆ. ಮುದುಕನ ಪಾತ್ರ ಮಾಡಿದ ಚಿಶು ರ್ಯು ಅವರಿಗೆ ಆಗ ಐವತ್ತೂ ಆಗಿರಲಿಲ್ಲ ಎಂಬುದನ್ನು ಇವತ್ತಿಗೂ ನಂಬಲು ಕಷ್ಟ.

ನೋಟ ಯಾವಾಗಲೂ ಕರುಣೆಯದೇ ಆಗಿರಬೇಕೆಂದಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಇದರ ಇನ್ನೊಂದು ಮುಖ. ತ್ರಿವೇಣಿಯವರ ಕಾದಂಬರಿಯಿಂದ ಬಂದ ಚಿತ್ರ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಎಲ್ಲರೂ ನೋಡುತ್ತಲೇ ಇರುತ್ತಾರೆ. ನಕ್ಕರೆ ನೋಡುತ್ತಾರೆ, ಸಿಟ್ಟು ಮಾಡಿದರೆ ನೋಡುತ್ತಾರೆ, ಚೆನ್ನಾಗಿ ಅಲಂಕಾರ ಮಾಡಿಕೊಂಡರಂತೂ ಇನ್ನೂ ಹೆಚ್ಚು. ಯಾರಾದರೂ ಮಾಡಬಹುದಾದ ಸಾಮಾನ್ಯ ಕೆಲಸವೊಂದು ಅವಳು ಮಾಡಿದರೆ ಹುಚ್ಚಿನ ಲಕ್ಷಣವಾಗುತ್ತದೆ. ಕಲ್ಪನಾ ಅವರ ಅಭಿನಯದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅವರಿಗೆ ಸಲ್ಲಬೇಕಾದದ್ದೇ ಅದು. ಆದರೆ ಒಂದು ಸಲ ಕಲ್ಪನಾ ಅವರನ್ನು ಬಿಟ್ಟು ಸುತ್ತಲಿನವರ ಕಣ್ಣುಗಳನ್ನೇ ಹಿಂಬಾಲಿಸಿ ಈ ಚಿತ್ರ ನೋಡಬೇಕು. ಶರಗಳ ಪಂಜರ ಯಾವುದು ಎಂದು ಆಗ ಕಾಣಿಸುತ್ತದೆ. ಅವಳನ್ನು ಮತ್ತೆ ಕಾಯಿಲೆಗೆ ತಳ್ಳಿದ್ದರಲ್ಲಿ ಗಂಡನ ದ್ರೋಹಕ್ಕೆ ಎಷ್ಟು ಪಾಲಿದೆಯೋ ಈ ಕಣ್ಣುಗಳಿಗೂ ಅಷ್ಟೇ ಪಾಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ತಬರನ ಕಥೆ’ಯಲ್ಲಿ ನೋಡುವವರು ಕಚೇರಿಯ ಮೇಜುಗಳ ಹಿಂದೆ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ನಿರ್ದೇಶನ. ಅದಕ್ಕೂ ಸ್ವರ್ಣಕಮಲ ಬಂತು, ತಬರನಾದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬ್ರಿಟಿಷರ ಕಾಲದಿಂದ ಸರ್ಕಾರಿ ಚಾಕರಿ ಮಾಡಿದ ತಬರ ತನ್ನ ಪಿಂಚಣಿಗಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಕಾಲು ಕತ್ತರಿಸಬೇಕು ಎನ್ನುತ್ತಾರೆ, ದುಡ್ಡಿಲ್ಲ. ತಬರ ಕಸಾಯಿಯ ಹತ್ತಿರ ಹೋಗಿ, ನನ್ನ ಹೆಂಡತಿಯ ಕಾಲು ಕತ್ತರಿಸಿಕೊಡುತ್ತೀಯಾ ಎಂದು ಬೇಡಿಕೊಳ್ಳುತ್ತಾನೆ. ಕನ್ನಡ ಸಿನಿಮಾದಲ್ಲಿ ನಾನು ನೋಡಿದ ಅತಿ ಭಯಂಕರ ದೃಶ್ಯ ಇದು. ಅದರಲ್ಲಿ ರಕ್ತ ಇಲ್ಲ, ಕೂಗಾಟ ಇಲ್ಲ. ಒಬ್ಬ ಮನುಷ್ಯ ತನ್ನ ಲೆಕ್ಕದಲ್ಲಿ ಬಹಳ ಸರಿಯಾಗಿಯೇ ಯೋಚಿಸಿ ಒಂದು ಪರಿಹಾರ ಹುಡುಕಿಕೊಂಡು ಬಂದಿದ್ದಾನೆ. ಆಸ್ಪತ್ರೆಯಲ್ಲಿ ಆಗದ್ದು ಇಲ್ಲಿ ಆಗಬಹುದಲ್ಲ ಎನ್ನುವ ಆ ತರ್ಕದ ಶುದ್ಧತೆಯೇ ನಡುಕ ಹುಟ್ಟಿಸುತ್ತದೆ.

ಈ ಚಿತ್ರವನ್ನು ನಾನು ಜಪಾನಿನ ಕುರೊಸಾವ ಅವರ ‘ಇಕಿರು’ (1952) ಜೊತೆ ಇಟ್ಟು ನೋಡುವುದುಂಟು. ಅಲ್ಲಿ ಕಥೆ ಮೇಜಿನ ಆಚೆ ಬದಿಯಿಂದ ಶುರುವಾಗುತ್ತದೆ. ಕಡತಗಳ ರಾಶಿಯ ನಡುವೆ ಜೀವಮಾನ ಕಳೆದ ಅಧಿಕಾರಿ ವತಾನಬೆಗೆ ಹೊಟ್ಟೆಯ ಕ್ಯಾನ್ಸರ್. ಬಡಾವಣೆಯ ಕೊಳಚೆ ಗುಂಡಿ ಮುಚ್ಚಿಸಿ ಎಂದು ಬಂದ ಹೆಂಗಸರನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಸಾಗಹಾಕುವ ದೃಶ್ಯಗಳ ಸರಣಿ ತಬರನ ಅಲೆದಾಟಕ್ಕೆ ಅಣ್ಣನಂತಿದೆ. ಸಾವು ಹತ್ತಿರವಿದೆ ಎಂದು ತಿಳಿದ ಮೇಲೆ ವತಾನಬೆ ಆ ಜಾಗದಲ್ಲಿ ಮಕ್ಕಳ ಆಟದ ಮೈದಾನ ಮಾಡಿಸುತ್ತಾನೆ. ಆದರೆ ಕುರೊಸಾವ ಅದನ್ನು ನೇರವಾಗಿ ತೋರಿಸುವುದಿಲ್ಲ. ಚಿತ್ರದ ಮೂರನೇ ಎರಡು ಭಾಗ ಮುಗಿಯುವ ಹೊತ್ತಿಗೆ ಅವನು ಸತ್ತಿರುತ್ತಾನೆ. ಉಳಿದದ್ದೆಲ್ಲ ಅವನ ಭಾವಚಿತ್ರದ ಮುಂದೆ ಕೂತ ಸಹೋದ್ಯೋಗಿಗಳ ಮಾತು. ಕಣ್ಣೆದುರಿಗೇ ಇದ್ದರೂ ಅವನನ್ನು ಸರಿಯಾಗಿ ನೋಡದಿದ್ದವರು ಈಗ ಒಬ್ಬೊಬ್ಬರೇ ನೆನಪು ಮಾಡಿಕೊಂಡು ನೋಡುತ್ತಾರೆ. ತಬರನಿಗೆ ಅಂಥ ಒಂದು ರಾತ್ರಿಯೂ ಸಿಗಲಿಲ್ಲ. ಅವನ ಕಡತ ನೋಡಿದವರು ಯಾರೂ ಅವನನ್ನು ನೋಡಲಿಲ್ಲ.

ಇನ್ನು ಧಾರಾವಾಹಿಗಳ ಮಾತು. ಸಿನಿಮಾ ಇಷ್ಟಪಡುವವರಲ್ಲಿ ಕೆಲವರು ಧಾರಾವಾಹಿಯನ್ನು ಕೆಳಗಿಟ್ಟು ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ಸಿನಿಮಾದ ಕೈಯಲ್ಲಿ ಇಲ್ಲದ ಒಂದು ಸಂಪತ್ತು ಧಾರಾವಾಹಿಗಿದೆ, ಅದು ಕಾಲ. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಆಗುಂಬೆ ಮೈಯಾಯಿತು, ಅರಸಾಳು ನಿಲ್ದಾಣ ಮಾಲ್ಗುಡಿಯ ರೈಲ್ವೆ ನಿಲ್ದಾಣವಾಯಿತು. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗ ಕೇಳಿದರೆ ಇವತ್ತಿಗೂ ಒಂದು ತಲೆಮಾರು ಕೆಲಸ ಬಿಟ್ಟು ತಿರುಗಿ ನೋಡುತ್ತದೆ. ಮಾಸ್ಟರ್ ಮಂಜುನಾಥ್ ಮಾಡಿದ ಸ್ವಾಮಿಯಲ್ಲಿ ನನಗೆ ಹಿಡಿಸುವುದು ತುಂಟತನಕ್ಕಿಂತ ಅವನು ಅಪ್ಪನನ್ನು ನೋಡುವ ರೀತಿ. ಅಪ್ಪ ಗಿರೀಶ್ ಕಾರ್ನಾಡ್. ಅವರು ಕೋಣೆಗೆ ಬಂದರೆ ಸ್ವಾಮಿಯ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕಣ್ಣು ಮಾತ್ರ ಕೆಳಗಿನಿಂದ ಮೇಲಕ್ಕೆ ಕದ್ದು ಹೋಗಿ ಇವತ್ತಿನ ಹವಾಮಾನ ಹೇಗಿದೆ ಎಂದು ಅಳೆದು ಬರುತ್ತದೆ. ಗೆಳೆಯ ರಾಜಂ ಊರು ಬಿಟ್ಟು ಹೋಗುವ ದಿನ ಸ್ವಾಮಿ ಪುಸ್ತಕವೊಂದನ್ನು ಹಿಡಿದುಕೊಂಡು ನಿಲ್ದಾಣಕ್ಕೆ ಬರುತ್ತಾನೆ. ಮುನಿಸು ತೀರಿತೋ ಇಲ್ಲವೋ ಖಚಿತವಾಗುವುದರೊಳಗೆ ರೈಲು ಹೊರಟಿರುತ್ತದೆ. ವಾರವಾರ ಅವರಿಬ್ಬರ ಜಗಳ, ಕ್ರಿಕೆಟ್ಟು, ಒಡನಾಟ ನೋಡಿಕೊಂಡು ಬಂದವರಿಗೆ ಆ ಬೀಳ್ಕೊಡುಗೆ ತಟ್ಟುವ ಹಾಗೆ ಎರಡು ಗಂಟೆಯ ಚಿತ್ರದಲ್ಲಿ ತಟ್ಟುವುದು ಕಷ್ಟ.

ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ಈ ಕಾಲದ ಸಂಪತ್ತನ್ನು ಬಳಸಿದ ಬಗೆ ಬೇರೆ. 1998ರಲ್ಲಿ ದೂರದರ್ಶನದಲ್ಲಿ ಬಂದ ಆ ದೈನಿಕ ಧಾರಾವಾಹಿಯಲ್ಲಿ ಪಾತ್ರಗಳು ನಮ್ಮ ಜೊತೆಯೇ ವಯಸ್ಸಾಗುತ್ತಿದ್ದವು. ಇವತ್ತು ನೋಡಿದ ಕಂತಿನ ಪ್ರಶ್ನೆಗೆ ಉತ್ತರ ನಾಳೆಯೇ ಸಿಗುವುದು. ನಡುವೆ ಒಂದು ರಾತ್ರಿ, ಒಂದು ಹಗಲು. ಆ ಹೊತ್ತಿನಲ್ಲಿ ಮನೆಮಂದಿ ಎಲ್ಲ ಆ ಪಾತ್ರದ ಪರವಾಗಿಯೋ ವಿರುದ್ಧವಾಗಿಯೋ ವಾದ ಮಾಡುತ್ತಾರೆ. ಆಮೇಲಿನ ‘ಮನ್ವಂತರ’, ‘ಮುಕ್ತ’ಗಳಲ್ಲೂ ಹೀಗೇ. ಸೀತಾರಾಂ ಅವರೇ ವಕೀಲ ಸಿಎಸ್‌ಪಿಯಾಗಿ ಪಾಟೀಸವಾಲಿಗೆ ನಿಂತಾಗ ಎಲ್ಲರ ಗಮನ ಕಟಕಟೆಯ ಮೇಲೆ. ನಾನು ನೋಡುವುದು ಹಿಂದಿನ ಬೆಂಚುಗಳನ್ನು. ಅಲ್ಲಿ ಎರಡೂ ಕಡೆಯ ಮನೆಯವರು ಕೂತಿರುತ್ತಾರೆ. ಒಂದು ಪ್ರಶ್ನೆ ಬೀಳುತ್ತದೆ, ಸಾಕ್ಷಿ ಉತ್ತರಿಸುವ ಮೊದಲೇ ಬೆಂಚಿನಲ್ಲಿ ಒಬ್ಬರ ಮುಖದಲ್ಲಿ ಉತ್ತರ ಬಂದಿರುತ್ತದೆ.

ಈಗಿನ ಅನೇಕ ದೈನಿಕ ಧಾರಾವಾಹಿಗಳಲ್ಲೂ ನೋಡುವವರ ಮುಖ ತೋರಿಸುತ್ತಾರೆ, ಬೇಕಾದದ್ದಕ್ಕಿಂತ ಹೆಚ್ಚೇ ತೋರಿಸುತ್ತಾರೆ. ಒಂದು ಮಾತು ಬಿದ್ದರೆ ಸಾಕು, ಕೋಣೆಯಲ್ಲಿ ಇರುವ ಪ್ರತಿಯೊಬ್ಬರ ಮೇಲೂ ಕ್ಯಾಮೆರಾ ನುಗ್ಗುತ್ತದೆ, ಜೊತೆಗೆ ಗುಡುಗಿನಂಥ ಸದ್ದು. ಆ ಮುಖಗಳು ನಮಗೆ ಏನು ಅನ್ನಿಸಬೇಕೆಂದು ಹೇಳಿಕೊಡುತ್ತವೆ. ನಾಣಿಯ ಮುಖ ಏನನ್ನೂ ಹೇಳಿಕೊಡುವುದಿಲ್ಲ, ಅದಕ್ಕೇ ನಾವು ಅದನ್ನು ಓದಬೇಕಾಗುತ್ತದೆ. ನಟರ ಕೊರತೆ ಇಲ್ಲಿಲ್ಲ, ಬಹಳ ಒಳ್ಳೆಯ ನಟನಟಿಯರು ಈ ಧಾರಾವಾಹಿಗಳಲ್ಲಿದ್ದಾರೆ. ಅವರಿಗೆ ಸುಮ್ಮನಿರುವ ಅವಕಾಶ ಕೊಟ್ಟರೆ ಸಾಕು.

ಸುಮ್ಮನಿರುವವನನ್ನೇ ಒಂದು ಪಾತ್ರವಾಗಿ ಮಾಡಿದ ಟಿವಿ ಸರಣಿ ಎಂದರೆ ಪೋಲೆಂಡಿನ ಕೀಸ್ಲೊವ್‌ಸ್ಕಿ ಅವರ ‘ಡೆಕಲಾಗ್’. 1980ರ ದಶಕದ ಕೊನೆಗೆ ಟಿವಿಗೆಂದು ಮಾಡಿದ ಹತ್ತು ಕಂತುಗಳು, ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆ. ವಾರ್ಸಾದ ಒಂದು ವಸತಿ ಸಮುಚ್ಚಯದಲ್ಲೇ ಎಲ್ಲ ಕಥೆಗಳೂ ನಡೆಯುತ್ತವೆ. ಬಹುತೇಕ ಕಂತುಗಳಲ್ಲಿ ಒಬ್ಬ ಯುವಕ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳುತ್ತಾನೆ. ಹೆಸರಿಲ್ಲ, ಮಾತಿಲ್ಲ. ಅರ್ತುರ್ ಬಾರ್ಚಿಶ್ ಎಂಬ ನಟ. ಮೊದಲ ಕಂತಿನಲ್ಲಿ ಹೆಪ್ಪುಗಟ್ಟಿದ ಕೊಳದ ದಡದಲ್ಲಿ ಬೆಂಕಿ ಹಾಕಿಕೊಂಡು ಕೂತಿರುತ್ತಾನೆ. ಆ ಮಂಜುಗಡ್ಡೆ ಮಗನ ಭಾರ ತಡೆಯುತ್ತದೆಂದು ಅಪ್ಪ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದ್ದಾನೆ, ಲೆಕ್ಕ ಸರಿಯಾಗಿಯೇ ಇದೆ, ಆದರೂ ಮಂಜು ಒಡೆಯುತ್ತದೆ. ಐದನೇ ಕಂತಿನಲ್ಲಿ ಕೊಲೆ ಮಾಡಲು ಹೊರಟ ಹುಡುಗ ಕೂತ ಟ್ಯಾಕ್ಸಿ ರಸ್ತೆಯಲ್ಲಿ ನಿಂತಾಗ, ಇವನು ಅಳತೆಕೋಲು ಹಿಡಿದ ಕೆಲಸಗಾರನಾಗಿ ಎದುರಾಗುತ್ತಾನೆ. ಹುಡುಗನನ್ನು ನೋಡಿ ತಲೆಯನ್ನು ಸ್ವಲ್ಪವೇ ಅಲ್ಲಾಡಿಸುತ್ತಾನೆ, ಬೇಡ ಎನ್ನುವ ಹಾಗೆ. ಹುಡುಗ ಸೀಟಿನ ಕತ್ತಲಿಗೆ ಸರಿದುಕೊಳ್ಳುತ್ತಾನೆ. ಟ್ಯಾಕ್ಸಿ ಮುಂದೆ ಹೋಗುತ್ತದೆ.

ಅವನು ದೇವರೋ, ಆತ್ಮಸಾಕ್ಷಿಯೋ ಎಂದು ಜನ ಚರ್ಚೆ ಮಾಡುತ್ತಾರೆ. ನನಗೆ ಅವನು ನಾನೇ. ಮುಂದೇನಾಗುತ್ತದೆಂದು ಗೊತ್ತಿದ್ದು ಎರಡನೇ ಸಲ ನೋಡುತ್ತಿರುವವರು ಮಾಡಬಹುದಾದದ್ದೂ ಅಷ್ಟೇ, ಬೇಡ ಎಂದು ತಲೆ ಅಲ್ಲಾಡಿಸುವುದು. ಅದೇ ಮೊದಲ ಕಂತಿನ ಆರಂಭದಲ್ಲಿ, ಟಿವಿ ಪರದೆಯ ಮೇಲೆ ಓಡಿ ಬರುತ್ತಿರುವ ಹುಡುಗನನ್ನು ನೋಡುತ್ತಾ ಅವನ ಸೋದರತ್ತೆ ಅಳುತ್ತಾಳೆ. ಯಾಕೆಂದು ಆಗ ನಮಗೆ ಗೊತ್ತಿರುವುದಿಲ್ಲ. ಕಂತು ಮುಗಿದ ಮೇಲೆ ಮತ್ತೆ ಆ ಮೊದಲ ನಿಮಿಷಗಳನ್ನು ಹಾಕಿ ನೋಡಿ. ‘ಡೆಕಲಾಗ್’ ಅನ್ನು ಒಂದೇ ಉಸಿರಿಗೆ ನೋಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ದಿನಕ್ಕೊಂದು ಕಂತೇ ಹೆಚ್ಚು.

ನೋಡುವವರ ಬಗ್ಗೆಯೇ ಮಾಡಿದ ಕನ್ನಡ ಚಿತ್ರವೂ ಒಂದಿದೆ, ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯ ಎಳೆ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ ಬರುತ್ತದೆ, ಮೀನುಗಾರರ ಕೇರಿಯ ಹೆಂಗಸರು ಆ ಮನೆಯಲ್ಲಿ ಸೇರತೊಡಗುತ್ತಾರೆ. ಪರದೆಯ ಬೆಳಕು ಬಿದ್ದ ಉಮಾಶ್ರೀ ಅವರ ಮುಖದಲ್ಲಿ ಎಂಥ ಆಸೆ! ಊರಿನಲ್ಲಿ ಧರ್ಮದ ಹೆಸರಿನ ಬಿರುಕು ಹೆಚ್ಚುತ್ತಾ ಹೋದಂತೆ, ಜೊತೆಗೆ ಕೂತು ನೋಡುತ್ತಿದ್ದವರೇ ಅವಳನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ. ಅದೇ ಮನೆ, ಅದೇ ಟಿವಿ, ಅದೇ ಹೆಂಗಸರು. ‘ಶರಪಂಜರ’ದ ಕಣ್ಣುಗಳು ಇಲ್ಲಿ ಊರಗಲವಾಗಿವೆ.

‘ಘಟಶ್ರಾದ್ಧ’ದ ಹೊಸದಾಗಿ ಸಂರಕ್ಷಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು ಎಂಬುದು ನನಗೆ ಬಹಳ ಸಂತೋಷದ ಸುದ್ದಿ. ಹಳೆಯ ಕನ್ನಡ ಚಿತ್ರಗಳು ಅಂತರ್ಜಾಲದಲ್ಲಿ ಸಿಗುವುದು ಮಸುಕಾಗಿ, ಅಂಚು ಕತ್ತರಿಸಿಕೊಂಡು. ನಾನು ಹುಡುಕುವ ಜನ ನಿಂತಿರುವುದೇ ಆ ಅಂಚಿನಲ್ಲಿ. ಪರದೆ ತುಂಬಲೆಂದು ಚೌಕಟ್ಟನ್ನು ಮೇಲೆ ಕೆಳಗೆ ಕೊಯ್ದರೆ ನೆಲದ ಮೇಲೆ ಕೂತ ಮಗು ಹೊರಟುಹೋಗುತ್ತದೆ. ಹಾಗಾಗಿ ಯಾವುದೇ ಹಳೆಯ ಚಿತ್ರ ಹಾಕುವ ಮೊದಲು ಅದು ಮೂಲದ ಅಳತೆಯಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತೇನೆ, ಟಿವಿಯಲ್ಲಿ ಚಿತ್ರವನ್ನು ಹಿಗ್ಗಿಸುವ ಸೌಲಭ್ಯವನ್ನು ಮುಚ್ಚಿಡುತ್ತೇನೆ. ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

ಮುಂದೆ ಮತ್ತೆ ನೋಡಲು ಇಟ್ಟುಕೊಂಡಿರುವುದು ‘ಗೃಹಭಂಗ’. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಕಾಸರವಳ್ಳಿಯವರೇ ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದ್ದರು. ಮಾಳವಿಕಾ ಅವಿನಾಶ್ ನಂಜಮ್ಮ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕಗಳನ್ನು ಕೂತು ಬರೆದು ಮನೆ ನಡೆಸುವ ಹೆಂಗಸು, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಳ್ಳುವ ತಾಯಿ. ಆ ಮನೆಯ ಎಲ್ಲವನ್ನೂ ಹೊರಗಿನಿಂದ ನೋಡುವ ಒಬ್ಬರಿದ್ದಾರೆ, ಭಿಕ್ಷೆ ಬೇಡಿ ಬದುಕುವ, ತತ್ವಪದ ಹಾಡುವ ಮಾದೇವಯ್ಯನವರು. ಕಾದಂಬರಿಯ ಕೊನೆಗೆ ನಂಜಮ್ಮನ ಉಳಿದ ಮಗ ವಿಶ್ವನನ್ನು ಕರೆದುಕೊಂಡು ಹೊರಡುವವರೂ ಅವರೇ. ಇಷ್ಟು ದಿನ ಬರೀ ನೋಡುತ್ತಿದ್ದವರು ಕೈ ಚಾಚಿ ಒಂದು ಮಗುವನ್ನು ಎತ್ತಿಕೊಳ್ಳುವ ಆ ತಿರುವಿಗೆ ಕಾಸರವಳ್ಳಿಯವರು ಮೊದಲ ಕಂತುಗಳಿಂದಲೇ ಹೇಗೆ ತಯಾರಿ ಮಾಡಿದ್ದಾರೆ ಎಂದು ತಿಳಿಯಬೇಕು. ಈ ಸಲ ನಂಜಮ್ಮನನ್ನು ಬಿಟ್ಟು ಮಾದೇವಯ್ಯನವರನ್ನೇ ಹಿಂಬಾಲಿಸುತ್ತೇನೆ, ಧ್ವನಿ ಇಟ್ಟುಕೊಂಡೇ.